ಹರಿದ ಕಿವಿಯ ಕುದುರೆ

ಬಹಳ ಕಾಲದ ಹಿಂದೆ, ಮೊಸಳೆಗಳು ಇನ್ನೂ ಮನುಷ್ಯರೊಡನೆ ಮಾತಾಡುತ್ತಿದ್ದಾಗ, ತೊರೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಅರಸನಿಂದ ಅಗಸನವರೆಗೆ ಎಲ್ಲರಿಗೂ ಚದುರಂಗದ ಹುಚ್ಚು. ಅವರ ಆಟಕ್ಕೆ ಒಂದು ಕಟ್ಟುಪಾಡಿತ್ತು: ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ನೊಣ ಓಡಿಸಲು ಹೋಗಿ ಬೆರಳು ತಗಲಿದರೂ ಬಿಡುವಂತಿರಲಿಲ್ಲ.

ಆ ನಾಡಿಗೆಲ್ಲ ಚದುರಂಗದ ಕಾಯಿ ಕೆತ್ತಿಕೊಡುವವಳು ಬೊಮ್ಮಕ್ಕ. ಅವಳಿಗೆ ಒಂದು ದಾಳಿಯ ಮೇಲೆ ಪ್ರಾಣ. ಆಟ ಶುರುವಾಗಿ ಐದಾರು ನಡೆಯೊಳಗೆ ತನ್ನ ಕುದುರೆಯನ್ನು ಎದುರಾಳಿಯ ರಾಜನ ಬಾಗಿಲಿಗೇ ನುಗ್ಗಿಸುವಳು. ಪುಕ್ಕಟೆ ಸಿಕ್ಕ ಕುದುರೆಯನ್ನು ಕಡಿಯಲು ರಾಜನೇ ಮನೆ ಬಿಟ್ಟು ಹೊರಗೆ ಬರಬೇಕು. ಬಂದನೋ, ಕೆಟ್ಟ. ಒಂದು ಕಡೆಯಿಂದ ಮಂತ್ರಿ, ಇನ್ನೊಂದು ಕಡೆಯಿಂದ ಒಂಟೆ, ಬಯಲಿಗೆ ಬಿದ್ದ ರಾಜನನ್ನು ಅಟ್ಟಿಕೊಂಡು ಹೋಗುತ್ತಿದ್ದವು. ಈ ದಾಳಿಯನ್ನು ಅವಳು ಸೇನಾಪತಿಯ ಮೇಲೆ ಪ್ರಯೋಗಿಸಿದ್ದಳು, ಪುರೋಹಿತನ ಮೇಲೆ ಪ್ರಯೋಗಿಸಿದ್ದಳು, ಸ್ವಂತ ಅತ್ತೆಯನ್ನೂ ಬಿಟ್ಟಿರಲಿಲ್ಲ. ಅವಳು ಚದುರಂಗದ ಹಾಸು ಬಿಚ್ಚಿದರೆ ನೆರೆಯವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಕುದುರೆ ಹೋಯಿತಲ್ಲ ಎಂದು ಯಾರಾದರೂ ಮರುಗಿದರೆ, ಹೋದರೆ ಇನ್ನೊಂದು ಕೆತ್ತಿದರಾಯಿತು ಎನ್ನುವಳು.

ಓಡದೆ ಕೂರುತ್ತಿದ್ದವನು ಒಬ್ಬನೇ, ಅವಳ ಗಂಡ ಸಿಂಗಯ್ಯ. ಅವನು ಅರಮನೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುವವನು. ಯಾವುದೋ ತುಂಟ ಮರಿ ಕಚ್ಚಿ ಅವನ ಎಡಗಿವಿ ಹರಿದಿತ್ತು. ಪ್ರತಿ ಸಂಜೆ ಬೊಮ್ಮಕ್ಕ ಕುದುರೆ ಕೊಡುವಳು, ಪ್ರತಿ ಸಂಜೆ ಅವನು ಕಡಿಯುವನು, ಪ್ರತಿ ಸಂಜೆ ಸೋಲುವನು. ಬಲೆ ಎಂದು ಗೊತ್ತಿದ್ದೂ ಯಾಕೆ ಬೀಳುತ್ತೀರಿ ಎಂದು ಅವಳು ಒಮ್ಮೆ ಕೇಳಿದಳು.

"ಕುದುರೆ ಬಿಡುವಾಗ ನಿನ್ನ ಮುಖ ಅರಳುತ್ತದಲ್ಲ ಬೊಮ್ಮಿ, ಅದನ್ನು ನೋಡಬೇಕು ನನಗೆ. ಸೋತರೆ ಸೋತೆ," ಎಂದಿದ್ದ ಸಿಂಗಯ್ಯ.

ಒಂದು ದಿನ ಕಳೆದುಹೋದ ಮರಿಯೊಂದನ್ನು ಹುಡುಕಿಕೊಂಡು ಕೆರೆಯಾಚೆಗೆ ಹೋದವನು ತಿರುಗಿ ಬರಲಿಲ್ಲ. ಮೂರು ವರ್ಷ ಬೊಮ್ಮಕ್ಕ ಸಂಜೆಯಾದರೆ ಹಾಸು ಬಿಚ್ಚಿ, ಎರಡೂ ಕಡೆ ಕಾಯಿ ಜೋಡಿಸಿ, ಎದುರಿನ ಖಾಲಿ ಮಣೆ ನೋಡುತ್ತ ಕೂತಳು. ಗೆಲುವು ಅವಳಿಗೆ ಬೇಕಿರಲಿಲ್ಲ. ಕಡಿಯುವ ಆ ಕೈ ಬೇಕಿತ್ತು. ಕೊನೆಗೆ ತಡೆಯಲಾರದೆ ಕೆರೆಗೆ ಹೋಗಿ ಮುದಿ ಮೊಸಳೆಯನ್ನು ಕೇಳಿದಳು.

ಮೊಸಳೆ ಇದ್ದದ್ದನ್ನು ಇದ್ದಂತೆ ಹೇಳಿತು. ಆಚೆ ದಡದಲ್ಲಿ ಕಾಳಂಜನೆಂಬ ಮಾಯಾವಿ ಇದ್ದಾನೆ. ಹೋದವರನ್ನೆಲ್ಲ ಆಟಕ್ಕೆ ಕೂರಿಸಿ, ಸೋತವರನ್ನು ಮರದ ಕಾಯಿ ಮಾಡುತ್ತಾನೆ. ಸಿಂಗಯ್ಯ ಆಟದಲ್ಲೂ ಕುದುರೆ ಕೊಡಲಾರದೆ ಸೋತು, ಸ್ವತಃ ಮರದ ಕುದುರೆಯಾಗಿದ್ದಾನೆ. "ನಾನು ಕರೆದೊಯ್ಯುತ್ತೇನೆ ತಾಯಿ, ಆದರೆ ಈವರೆಗೆ ಯಾರನ್ನೂ ವಾಪಸು ತಂದಿಲ್ಲ," ಎಂದಿತು. ಬೊಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಬೆನ್ನೇರಿದಳು.

ಕಾಳಂಜ ಒಲೆಯ ಮುಂದೆ ಹಾಸು ಬಿಚ್ಚಿ, ಎರಡೂ ಕಡೆ ಕಾಯಿ ಜೋಡಿಸಿ ಕೂತಿದ್ದ. ಅವಳ ಕಡೆಯ ಕಾಯಿಗಳಲ್ಲಿ ಎರಡು ಕುದುರೆಗಳಿದ್ದವು. ಒಂದರ ಎಡಗಿವಿ ಹರಿದಿತ್ತು. ಅವಳು ಮಣೆ ಎಳೆದು ಕೂತಳು. ಮಾಯಾವಿ ಷರತ್ತು ಹೇಳಿದ. ಮೂರು ಆಟ. ಒಂದು ಗೆದ್ದರೂ ಎಲ್ಲರಿಗೂ ಬಿಡುಗಡೆ. ಮೊದಲನೆಯದು ಸೋತರೆ ಗಂಡನ ದನಿ ಅವಳಿಗೆ ಮರೆತುಹೋಗುತ್ತದೆ, ಎರಡನೆಯದು ಸೋತರೆ ಮುಖ ಮರೆತುಹೋಗುತ್ತದೆ. ಮೂರನೆಯದನ್ನೂ ಸೋತರೆ ಗಂಡನಿದ್ದನೆಂಬುದೇ ನೆನಪಿರುವುದಿಲ್ಲ, ಆ ಆಟದಲ್ಲಿ ಕಡಿದ ಕಾಯಿಗಳೆಲ್ಲ ಒಲೆಗೆ.

ಮೊದಲ ಆಟದಲ್ಲಿ ಬೊಮ್ಮಕ್ಕ ತನ್ನ ದಾಳಿಯನ್ನೇ ಹೂಡಿದಳು. ಹರಿದ ಕಿವಿಯದನ್ನು ಬಿಟ್ಟು, ಇನ್ನೊಂದು ಕುದುರೆಯನ್ನು ರಾಜನ ಬಾಗಿಲಿಗೆ ತಂದಿಟ್ಟಳು. ಅದೂ ಯಾರದೋ ಮನೆಯ ಮಗನೆಂದು ಆಗ ಅವಳಿಗೆ ಹೊಳೆಯಲಿಲ್ಲ. ಕಾಳಂಜ ಅವಳ ಕೈ ನೋಡಿದ. ಕೊಡುವ ಕೈ ನಡುಗದಿದ್ದರೆ ಅದು ಬಲೆ ಎಂದು ಅವನಿಗೆ ಗೊತ್ತಿತ್ತು. ಕುದುರೆಯನ್ನು ಮೂಸಿಯೂ ನೋಡಲಿಲ್ಲ. ದಾಳಿ ಕುಸಿಯಿತು, ಅವಳು ಸೋತಳು. 'ಬೊಮ್ಮಿ' ಎಂದು ಕರೆಯುತ್ತಿದ್ದ ದನಿ ಕಿವಿಯಿಂದ ಅಳಿಸಿಹೋಯಿತು.

ಎರಡನೆಯ ಆಟದಲ್ಲಿ ಹೆದರಿದಳು. ಏನನ್ನೂ ಕೊಡದೆ, ಎಲ್ಲವನ್ನೂ ಬಾಚಿ ತಬ್ಬಿಕೊಂಡವಳಂತೆ ಆಡಿದಳು. ಚೆನ್ನಾಗಿಯೇ ಆಡಿದಳು. ಆದರೆ ನಡುವೆ ಮೈಮರೆತು, ಆ ಹರಿದ ಕಿವಿಯನ್ನು ಬೆರಳಿನಿಂದ ಸವರಿಬಿಟ್ಟಳು. ಮೂರು ವರ್ಷದ ಆಸೆ, ಪಾಪ, ಯಾರು ತಾನೆ ತಡೆದಾರು!

"ಮುಟ್ಟಿದೆ. ನಡೆಸು," ಎಂದ ಕಾಳಂಜ.

ನಡೆಸಿದ ಕುದುರೆ ಮೂಲೆಗೆ ಹೋಯಿತು, ಅದು ಕಾಯುತ್ತಿದ್ದ ರಾಜ ಬಿದ್ದ. ಸಿಂಗಯ್ಯನ ಮುಖವೂ ಅಳಿಸಿಹೋಯಿತು. ಮೂಗು ಹೇಗಿತ್ತು, ನಕ್ಕರೆ ಹೇಗೆ ಕಾಣುತ್ತಿದ್ದ, ಎಷ್ಟು ತಡಕಿದರೂ ಸಿಗಲಿಲ್ಲ. ಉಳಿದದ್ದು ಇಷ್ಟೇ: ಯಾರೋ ಒಬ್ಬರು ಪ್ರತಿ ಸಂಜೆ ಎದುರಿಗೆ ಕೂತು, ಗೊತ್ತಿದ್ದೂ ಗೊತ್ತಿದ್ದೂ ಅವಳ ಕುದುರೆಯನ್ನು ಕಡಿಯುತ್ತಿದ್ದರು. ಸೋಲುವುದಕ್ಕೆಂದೇ ಬರುತ್ತಿದ್ದರು.

ಮೂರನೆಯ ಆಟ ಶುರುವಾಯಿತು. ಆರನೆಯ ನಡೆ ಹತ್ತಿರವಾದಾಗ, ದಾಳಿಗೆ ದಾರಿ ತೆರೆದಿರುವುದನ್ನು ಬೊಮ್ಮಕ್ಕ ಕಂಡಳು. ರಾಜನ ಬಾಗಿಲಿಗೆ ಒಂದೇ ಜಿಗಿತ. ಆದರೆ ಜಿಗಿಯಬಲ್ಲ ಜಾಗದಲ್ಲಿದ್ದದ್ದು ಹರಿದ ಕಿವಿಯ ಕುದುರೆ. ಕೊಡದಿದ್ದರೆ ಸೋಲು ಖಂಡಿತ. ಕೊಟ್ಟು ಸೋತರೆ ಅವನು ಒಲೆಗೆ. ಒಮ್ಮೆ ಮುಟ್ಟುತ್ತೇನೆ, ಕಡೆಯ ಸಲವಾದರೂ ಸರಿ ಎಂದುಕೊಂಡು ಕೈ ಚಾಚಿ, ಆ ಕಿವಿಯನ್ನು ಮೆಲ್ಲಗೆ ಸವರಿದಳು. ಕಣ್ಣಿಂದ ನೀರು ಹಾಸಿನ ಮೇಲೆ ಬಿತ್ತು.

ಕಾಳಂಜ ತೊಡೆ ತಟ್ಟಿ ನಕ್ಕ. ಮತ್ತೆ ಮೈಮರೆತಳು ಎಂದುಕೊಂಡ. "ಮುಟ್ಟಿದೆ. ನಡೆಸು."

ಅವಳು ನಡುಗುವ ಕೈಯಿಂದಲೇ ಕುದುರೆಯನ್ನು ರಾಜನ ಬಾಗಿಲಿಗೆ ಇಟ್ಟಳು. ನಡುಕ ನಟನೆಯಲ್ಲ, ಅದಕ್ಕೇ ಮಾಯಾವಿ ನಂಬಿದ. ಅತಿ ಆಸೆ ಗತಿ ಕೇಡು ಎನ್ನುತ್ತಾರಲ್ಲ, ರಾಜನನ್ನು ಹೊರಗೆ ತಂದು ಕುದುರೆಯನ್ನು ಕಡಿದು ಮುಷ್ಟಿಯಲ್ಲಿ ಹಿಡಿದುಕೊಂಡ.

ಆಮೇಲೆ ಬೊಮ್ಮಕ್ಕ ಆ ಮುಷ್ಟಿಯ ಕಡೆ ನೋಡಲಿಲ್ಲ. ಮಂತ್ರಿಯನ್ನು ಬಿಟ್ಟಳು, ರಾಜ ಒಂದು ಮನೆ ಮುಂದೆ ಬಂದ. ಒಂಟೆಯನ್ನು ಬಿಟ್ಟಳು, ಇನ್ನೊಂದು ಮನೆ ಬಂದ. ಉಳಿದ ಕುದುರೆಯನ್ನು ಬಿಟ್ಟಳು, ರಾಜನಿಗೆ ಕಾಲಿಡಲು ಮನೆಯೇ ಇರಲಿಲ್ಲ. ಕಾಳಂಜನ ಪ್ರಾಣ ಅವನ ರಾಜನಲ್ಲಿತ್ತು. ರಾಜ ಉರುಳಿದ, ಕಾಳಂಜ ಬೂದಿಯಾದ.

ಕಾಯಿಗಳೆಲ್ಲ ಮೈಮುರಿದು ಮನುಷ್ಯರಾದವು. ಬೂದಿಯ ರಾಶಿಯೊಳಗಿಂದ ಒಬ್ಬ ಗಂಡಸು ಸೀನುತ್ತ ಎದ್ದು ನಿಂತ. ಬೊಮ್ಮಕ್ಕ ಅವನ ಮುಖ ನೋಡಿದಳು, ಮೂಗು ನೋಡಿದಳು, ಹರಿದ ಕಿವಿ ನೋಡಿದಳು. ಒಂದೊಂದೇ ನೆನಪು ಮನೆಗೆ ಮರಳಿತು.

"ಬೊಮ್ಮಿ, ಈ ಸಲ ಕುದುರೆ ಬಿಡುವಾಗ ನಿನ್ನ ಮುಖ ಅರಳಲಿಲ್ಲ," ಎಂದ ಸಿಂಗಯ್ಯ.

"ನೀವು ಎದುರಿಗೆ ಇರಲಿಲ್ಲವಲ್ಲ," ಎಂದು ಅವಳು ಅತ್ತಳು.

ಮುದಿ ಮೊಸಳೆ ಹದಿನಾರು ಸಲ ಈಜಿ ಎಲ್ಲರನ್ನೂ ಈಚೆ ದಡಕ್ಕೆ ತಂದಿತು. ತೊರೆನಾಡಿನಲ್ಲಿ ಒಂದು ವಾರ ಹಬ್ಬವಾಯಿತು. ಬೊಮ್ಮಕ್ಕನ ದಾಳಿ ಮಾತ್ರ ನಿಲ್ಲಲಿಲ್ಲ. ಸಂಜೆಯಾದರೆ ಅವಳು ಕೊಡುವಳು, ಅವನು ಕಡಿಯುವನು, ನೆರೆಯವರು ಓಡುವರು. ಆದರೆ ಹೋದರೆ ಇನ್ನೊಂದು ಕೆತ್ತಿದರಾಯಿತು ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಆಟ ಮುಗಿದೊಡನೆ ಅವನ ಮುಷ್ಟಿ ಬಿಡಿಸಿ, ತನ್ನ ಕುದುರೆಯನ್ನು ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ ಇಡುವಳು. ಹೀಗೆ ಅವರಿಬ್ಬರೂ ತಲೆ ನರೆಯುವವರೆಗೆ ಸುಖವಾಗಿ ಆಡಿದರು, ಅವನು ಒಂದು ಆಟವನ್ನೂ ಗೆಲ್ಲಲಿಲ್ಲ.