ಸೋಪಿನ ಕ್ಯಾನಿನ ಮೇಲಿನ ಅಪವಾದ

"ಅಣ್ಣ, ನಿಮ್ಮ ಅಕ್ಷರ ಚೆನ್ನಾಗಿದೆ ಅಂತಾರೆ. ನನ್ನ ಗಂಡನಿಗೆ ವಿಷ ಹಾಕಿದ್ದು ನಾನೇ ಅಂತ ಒಂದು ಕಾಗದ ಬರ್ಕೊಡ್ತೀರಾ?"

ದರ್ಜಿಯ ಕಾಲು ಹೊಲಿಗೆ ಯಂತ್ರದ ಮೇಲೆ ಹಾಗೇ ನಿಂತಿತು. ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಗೆ ಬರುವವರು ತೋಳು ಗಿಡ್ಡ ಮಾಡಿ, ಸೊಂಟ ಸಡಿಲ ಮಾಡಿ ಎನ್ನುತ್ತಾರೆಯೇ ಹೊರತು ಇಂಥ ಮಾತು ಆಡುವುದಿಲ್ಲ. ಬಾಗಿಲಲ್ಲಿ ನಿಂತಿದ್ದವಳು ಹಿಂದಿನ ಬೀದಿಯ ಗೋಡೆ ತೊಳೆಯುವವರ ಮನೆಯ ಹಿರಿಸೊಸೆ. ಕಟ್ಟಡಗಳ ಹೊರಗೋಡೆಗೆ ಸೋಪು ಹೊಡೆದು, ಜೋರು ನೀರಿನಲ್ಲಿ ಪಾಚಿ ತೆಗೆಯುವುದು ಆ ಮನೆಯವರ ಕಸುಬು. ಮೂರು ದಿನದ ಹಿಂದೆ ಅವಳ ಗಂಡ ಕೆಲಸದ ಜಾಗದಲ್ಲೇ ವಿಷಗಾಳಿ ಕುಡಿದು ಬಿದ್ದು ಆಸ್ಪತ್ರೆ ಸೇರಿದ ಸುದ್ದಿ ಬೀದಿಗೆಲ್ಲ ಗೊತ್ತಿತ್ತು.

ದರ್ಜಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟ. ಅವಳು ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಬರ್ತಾರೆ. ಒಪ್ಕೊಂಡು ಸೈ ಹಾಕಿದ್ರೆ ಒಂದ್ಸಲ ಗಂಡನ ಮುಖ ನೋಡೋಕೆ ಬಿಡ್ತೀವಿ ಅಂದಿದಾನೆ ಮೈದುನ. ಒಳಗೆ ಹೋಗೋ ಪಾಸು ಒಂದೇ ಇರೋದು, ಅದು ಮಾವನ ಹತ್ರ ಇದೆ. ಇವತ್ತು ಕಳೀಲಿ ನೋಡೋಣ ಅಂದ್ರು ಡಾಕ್ಟ್ರು. ಕಳೀದೇ ಹೋದ್ರೆ?"

"ನೀನು ನಿಜವಾಗ್ಲೂ ಹಾಕಿದ್ಯೇನಮ್ಮ?"

"ಬೇಕಂತ ಹಾಕಿಲ್ಲ. ಆದ್ರೆ ಸೋಪು ಕಲಸೋಳು ನಾನೇ. ಬ್ಲೀಚು, ಆಸಿಡ್ಡು ಎರಡೂ ಒಂದೇ ಹಲಗೆ ಮೇಲೆ ಇರ್ತಾವೆ. ಆಸಿಡ್ ಬಾಟ್ಲಿ ಅರ್ಧ ಖಾಲಿಯಾಗಿದೆ. ನನ್ನ ಕೈನೇ ತಪ್ಪಿರಬೇಕು. ಇಲ್ಲಾಂದ್ರೆ ಇನ್ಯಾರದು?"

ಬ್ಲೀಚಿಗೂ ಆಸಿಡ್ಡಿಗೂ ಆಗಿಬರುವುದಿಲ್ಲ, ಸೇರಿದರೆ ವಿಷಗಾಳಿ ಏಳುತ್ತದೆ ಎನ್ನುವುದು ಬಚ್ಚಲು ತೊಳೆಯುವವರಿಗೂ ಗೊತ್ತಿರುವ ಮಾತು. ದರ್ಜಿ ಕತ್ತರಿ ಕೆಳಗಿಟ್ಟು, "ಕಾಗದ ಆಮೇಲೆ ಬರೆಯೋಣ. ಮೊದಲು ಮೇಲೆ ಬಾ" ಎಂದು ಅವಳನ್ನು ಮಹಡಿಗೆ ಕರೆದುಕೊಂಡು ಹೋದ.

ಮಹಡಿಯಲ್ಲಿ ಇದ್ದವರು ದೊಡ್ಡಮ್ಮ. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಊರಿನ ನೀರನ್ನು ಪರೀಕ್ಷೆ ಮಾಡಿ ನಿವೃತ್ತರಾದ ಮೇಲೆ ಊರಿನ ಜನರನ್ನು ಪರೀಕ್ಷೆ ಮಾಡುವುದಕ್ಕೆ ಶುರು ಮಾಡಿದ್ದರು. ಹಿಂದೊಮ್ಮೆ ರೇಷ್ಮೆ ಬಟ್ಟೆ ಕದ್ದ ಅಪವಾದ ದರ್ಜಿಯ ತಲೆಗೆ ಕಟ್ಟಿದ್ದಾಗ, ಒಂದು ಎಳೆ ದಾರ ಹಿಡಿದುಕೊಂಡು ಹೋಗಿ ನಿಜವಾದ ಕಳ್ಳನ ಮನೆಯ ಬಾಗಿಲು ತಟ್ಟಿದವರು ಅವರೇ. ಅಂದಿನಿಂದ ದರ್ಜಿ ಅವರ ಬಾಲ. ಹಾಗೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು, ಅವನಿಗೂ ಅದರಿಂದ ಬೇಜಾರಿರಲಿಲ್ಲ.

ದೊಡ್ಡಮ್ಮ ಸಮಾಧಾನದ ಒಂದು ಮಾತೂ ಆಡಲಿಲ್ಲ. "ಅವತ್ತು ಬೆಳಿಗ್ಗೆ ಆಗಿದ್ದನ್ನ ಒಂದೊಂದಾಗಿ ಹೇಳು. ಅತ್ತರೆ ಹೊತ್ತು ಹಾಳು" ಎಂದರು.

ಸೊಸೆ ಹೇಳಿದಳು. ಆ ದಿನ ಕೆಲಸ ಇದ್ದದ್ದು ಹಲ್ಲಿನ ಡಾಕ್ಟರ ಮೂರಂತಸ್ತಿನ ಕಟ್ಟಡದಲ್ಲಿ. ಅವಳು ಮನೆಯ ಹಿತ್ತಲಲ್ಲೇ ಕ್ಯಾನಿನಲ್ಲಿ ಬ್ಲೀಚು, ಸೋಪು ಕಲಸಿ ಮುಚ್ಚಳ ಬಿಗಿ ಮಾಡಿದ್ದಳು. ಮೈದುನ ಗಾಡಿಯ ಮೇಲಿನ ಟ್ಯಾಂಕಿಗೆ ನೀರು ತುಂಬಿಸಿದ್ದ. ಜಾಗಕ್ಕೆ ಹೋದ ಕೂಡಲೇ ಗಂಡ ನೀರು ಚಿಮ್ಮುವ ಗನ್ನು ಹಿಡಿದು ಕಟ್ಟಡದ ಮುಂದಿನ ಗಿಡಗಳಿಗೆಲ್ಲ ಬರೀ ನೀರು ಹೊಡೆದ. ಎಲೆ ಮೊದಲೇ ನೆನೆದಿದ್ದರೆ ಸೋಪು ಬಿದ್ದರೂ ಸುಡುವುದಿಲ್ಲ ಎಂದು ಅವರು ಪ್ರತಿ ಸಲವೂ ಹಾಗೆ ಮಾಡುತ್ತಿದ್ದರು. ಅಷ್ಟರಲ್ಲಿ ಮೈದುನ ಸೋಪಿನ ಇಂಜೆಕ್ಟರ್ ಜೋಡಿಸಿದ. ಇಂಜೆಕ್ಟರ್ ಎಂದರೆ ಪಂಪು ದಾಟಿದ ಮೇಲೆ ಪೈಪಿಗೆ ಹಾಕುವ ಒಂದು ಹಿತ್ತಾಳೆ ತುಂಡು. ಅದರ ಪಕ್ಕದಿಂದ ಸಣ್ಣ ಕೊಳವೆಯೊಂದು ಕ್ಯಾನಿಗೆ ಇಳಿದು, ಓಡುವ ನೀರಿನ ಜೊತೆಗೆ ಸೋಪನ್ನು ಎಳೆದುಕೊಳ್ಳುತ್ತದೆ.

"ಗನ್ನಿನ ತುದಿಗೆ ಸಣ್ಣ ಬಾಯಿ ನಾಜಲ್ ಹಾಕಿದ್ರೆ ಅದು ಸೋಪು ಎಳೆಯಲ್ಲ. ಅಗಲ ಬಾಯಿದೇ ಹಾಕ್ಬೇಕು. ಇವರು ಅಗಲ ಬಾಯಿದು ಹಾಕ್ಕೊಂಡು ಹಿಂದಿನ ಓಣಿಗೆ ಹೋದ್ರು. ಆ ಓಣಿ ಎರಡು ಗೋಡೆ ಮಧ್ಯ, ಗಾಳಿ ಆಡಲ್ಲ. ನಾನು ಕ್ಯಾನಿನ ಹತ್ರ ಕೂತಿದ್ದೆ. ಮೊದಲು ಸೋಪೇ ಬರಲಿಲ್ಲ. ಕೊಳವೆ ಸೇರೋ ಕಡೆ ಸಡಿಲ ಇತ್ತು, ಗಾಳಿ ಎಳೀತಿತ್ತು. ಮೈದುನ ಜೇಬಿಂದ ಒಂದು ಬಟ್ಟೆ ಚೂರು ತೆಗೆದು ಬಿಗಿಯಾಗಿ ಸುತ್ತಿದ. ಆಮೇಲೆ ಎಳೀತು."

ಪಂಪಿನ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಗಂಡಹೆಂಡತಿ ಕೈಸನ್ನೆಯಲ್ಲೇ ಕೆಲಸ ಮಾಡುತ್ತಿದ್ದರು. ಅಂಗೈ ಬಿಚ್ಚಿ ತೋರಿಸಿದರೆ ಎಲ್ಲ ಸರಿ, ಸೋಪು ಬಿಡು ಎಂದರ್ಥ. ಮುಷ್ಟಿ ಹಿಡಿದರೆ ನಿಲ್ಲಿಸು.

"ಅವರು ಮುಷ್ಟಿ ಎತ್ತಿದ್ರು, ದೊಡ್ಡಮ್ಮ. ನಾನು ಕ್ಯಾನಿನೊಳಗೆ ನೋಡ್ತಿದ್ದೆ. ತಲೆ ಎತ್ತೋ ಹೊತ್ತಿಗೆ ಅವರು ಬಿದ್ದಿದ್ರು."

ದೊಡ್ಡಮ್ಮ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ಅವಳ ಉತ್ತರ ಇಷ್ಟು. ಬಿದ್ದ ಗಂಡನ ಜೊತೆ ಅವಳು ಆಂಬುಲೆನ್ಸಿನಲ್ಲಿ ಹೋಗಿದ್ದಳು. ಗಾಡಿಯ ಹತ್ತಿರ ಮೈದುನ ಒಬ್ಬನೇ ಉಳಿದ. ಗಲಾಟೆಯಲ್ಲಿ ಕ್ಯಾನು ಉರುಳಿ ಖಾಲಿಯಾಯಿತೆಂದು ಅವನೇ ಪೊಲೀಸರಿಗೆ ಹೇಳಿದ. ಮನೆಯಲ್ಲಿ ಆಸಿಡ್ ಇದ್ದದ್ದು ಯಾಕೆಂದರೆ ಅವರ ಬಾವಿಯ ನೀರು ಗಡಸು, ಟ್ಯಾಂಕಿನೊಳಗೂ ಪಂಪಿನೊಳಗೂ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತಿತ್ತು. ಕೆಲವು ತಿಂಗಳಿಗೊಮ್ಮೆ ಟ್ಯಾಂಕಿನ ನೀರಿಗೆ ಆಸಿಡ್ ಹಾಕಿ ನೆನೆಯಲು ಬಿಟ್ಟು, ಆಮೇಲೆ ಚೆಲ್ಲಿ ತೊಳೆಯಬೇಕಿತ್ತು.

"ಆಸಿಡ್ ಹಾಕಿದವರು ಟ್ಯಾಂಕಿನ ಬಾಯಿಗೆ ಕೆಂಪು ಬಟ್ಟೆ ಕಟ್ಟಬೇಕು, ಕಟ್ಟಿದವರೇ ಬಿಚ್ಚಬೇಕು ಅಂತ ಮಾವನ ಕಾನೂನು. ಈಗ ಮಾವನಿಗೆ ಕಣ್ಣು ಮಂಜು. ಇನ್ಮೇಲೆ ಆಸಿಡ್ ಮುಟ್ಟಬೇಡಿ ಅಂದಿದ್ರು ಇವರು. ಅವತ್ತು ಹೊರಡೋವಾಗ ಟ್ಯಾಂಕಿಗೆ ಬಟ್ಟೆ ಇರಲಿಲ್ಲ. ನಾನೇ ನೋಡಿದೀನಿ."

"ಎದ್ದೇಳು ದರ್ಜಿ, ನಟ್ಟು ಬಿಚ್ಚೋ ಪಾನ ತಗೋ" ಎಂದರು ದೊಡ್ಡಮ್ಮ.

ಹನ್ನೆರಡು ಗಂಟೆಗೆ ಇಬ್ಬರೂ ಹಲ್ಲಿನ ಡಾಕ್ಟರ ಕಟ್ಟಡದ ಮುಂದಿದ್ದರು. ಗೇಟಿನ ಕಾವಲುಗಾರ ಮೊದಲು ಗುರುಗುಟ್ಟಿದ, ದೊಡ್ಡಮ್ಮನ ಮುಖ ನೋಡಿ ಗೇಟು ತೆರೆದ. ಗಾಡಿಯನ್ನು ಪೊಲೀಸರು ಹಗ್ಗ ಕಟ್ಟಿ ಅಲ್ಲೇ ಬಿಟ್ಟಿದ್ದರು. ದೊಡ್ಡಮ್ಮ ಠಾಣೆಗೆ ಫೋನು ಮಾಡಿ, ಇನ್‌ಸ್ಪೆಕ್ಟರಿಂದ ಗೊಣಗಾಟದ ಜೊತೆಗೆ ಒಪ್ಪಿಗೆಯನ್ನೂ, ಕಾವಲಿಗೆ ಒಬ್ಬ ಪೇದೆಯನ್ನೂ ತರಿಸಿಕೊಂಡರು.

ಅವರು ಮೊದಲು ಹೋದದ್ದು ಓಣಿಗಲ್ಲ, ಮುಂದಿನ ಹೂಗಿಡಗಳ ಸಾಲಿಗೆ. ಬಿಸಿಲಿಗೆ ಬಾಡಿದ್ದಲ್ಲ ಅದು. ಎಲೆಯ ಮೇಲೆಲ್ಲ ಕಂದು ಚುಕ್ಕೆ, ಅಂಚು ಸುಟ್ಟು ಮುದುರಿತ್ತು. ಇಲ್ಲಿಗೆ ಸೋಪು ಬಿತ್ತೇ ಎಂದು ಕೇಳಿದರೆ ಕಾವಲುಗಾರ, ಸೋಪು ಈ ಕಡೆಗೆ ಬರಲೇ ಇಲ್ಲ, ಬರೀ ನೀರು ಹೊಡೆದಿದ್ದು, ಪಾಪ ಆ ಮನುಷ್ಯ ಗಿಡಕ್ಕೂ ಎಷ್ಟು ಜೋಪಾನ ಮಾಡಿದ್ದ ಎಂದ. ದೊಡ್ಡಮ್ಮ ನಾಲ್ಕು ಎಲೆ ಕಿತ್ತು ಕಾಗದದಲ್ಲಿ ಮಡಚಿಟ್ಟರು.

ಗಾಡಿಯ ಕೆಳಗೆ, ಟ್ಯಾಂಕಿನ ತಳದ ನಲ್ಲಿಗೆ ನೇರವಾಗಿ, ಸಿಮೆಂಟು ನೆಲದ ಮೇಲೆ ತಟ್ಟೆಯಗಲದ ಕಲೆ ಇತ್ತು. ಮೇಲಿನ ನಯ ಹೋಗಿ ಮರಳು ಕಾಣುತ್ತಿತ್ತು. ಟ್ಯಾಂಕು ಒಣಗಿತ್ತು. ದೊಡ್ಡಮ್ಮ ಪಂಪಿನ ಮುಂಭಾಗ ಬಿಚ್ಚಿಸಿದರು. ದರ್ಜಿಗೆ ಪಾನ ಹಿಡಿದು ಅಭ್ಯಾಸವಿಲ್ಲ, ಎರಡು ಸಲ ಬೆರಳು ಜಜ್ಜಿಕೊಂಡ. ತಿಂಗಳುಗಟ್ಟಲೆ ಗಡಸು ನೀರು ಕುಡಿದ ಪಂಪಿನ ಹಿತ್ತಾಳೆ ಒಳಗೆ ಈಗಷ್ಟೇ ಬೆಳಗಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಕೊನೆಗೆ ಇಂಜೆಕ್ಟರ್. ಅದರ ಕೊಳವೆಯ ಬುಡಕ್ಕೆ ಸುತ್ತಿದ್ದ ಬಟ್ಟೆ ಅಲ್ಲೇ ಇತ್ತು. ಬಿಳಿಚಿಕೊಂಡು, ಎಲ್ಲೋ ಒಂದೆರಡು ಕಡೆ ಗುಲಾಬಿ ಛಾಯೆ. ಯಾರಾದರೂ ಮಾಸಿದ ಚಿಂದಿ ಎಂದೇ ಹೇಳುತ್ತಿದ್ದರು.

"ಇದು ನಿನ್ನ ಇಲಾಖೆ" ಎಂದರು ದೊಡ್ಡಮ್ಮ.

ದರ್ಜಿ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದ. ಒಳಸುತ್ತು ಬಿಡಿಸಿ ಅದನ್ನು ಬೆಳಕಿಗೆ ಹಿಡಿದ. ಹಿಂದೆ ಯಾವಾಗಲೋ ಬಿಗಿಯಾಗಿ ಹಾಕಿದ್ದ ಎರಡು ಗಂಟಿನ ಗುರುತು ಬಟ್ಟೆಯಲ್ಲಿ ಹಾಗೇ ಉಳಿದಿತ್ತು. ಬ್ಲೀಚು ತಲುಪದ ಆ ಮಡಿಕೆಯೊಳಗೆ ಬಣ್ಣ ಇನ್ನೂ ಅಚ್ಚ ಕೆಂಪು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವರು ಆಸ್ಪತ್ರೆಯ ಎರಡನೇ ಮಹಡಿ ತಲುಪಿದರು. ತೀವ್ರ ನಿಗಾ ಘಟಕದ ಗಾಜಿನ ಬಾಗಿಲ ಮುಂದೆ ಸಾಲು ಕುರ್ಚಿ. ಮಾವ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಪಾಸನ್ನು ಕೊರಳಿಗೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಕೂತಿದ್ದರು. ಮೈದುನ ಗೋಡೆಗೆ ಒರಗಿ ನಿಂತಿದ್ದ. ಇನ್‌ಸ್ಪೆಕ್ಟರ್ ತೊಡೆಯ ಮೇಲೆ ಕಾಗದ ಹರಡಿದ್ದರು. ಸೊಸೆ ಕೈಗೆ ಪೆನ್ನು ತೆಗೆದುಕೊಂಡಾಗಿತ್ತು. ಯಾರ ಕೈಯಲ್ಲಿ ಬರೆಸಿದಳೋ, ಕಾಗದ ಸಿದ್ಧವಾಗಿತ್ತು. ದರ್ಜಿಗೆ ಓಡಿಹೋಗಿ ಆ ಪೆನ್ನು ಕಿತ್ತುಕೊಳ್ಳಬೇಕೆನಿಸಿತು.

"ಸಾಹೇಬ್ರೆ, ಒಂದು ಹತ್ತು ನಿಮಿಷ" ಎಂದು ದೊಡ್ಡಮ್ಮ ಎದುರಿನ ಕುರ್ಚಿಯಲ್ಲಿ ಕೂತರು. "ಈ ಹುಡುಗಿ ಕ್ಯಾನಿಗೆ ಆಸಿಡ್ ಹಾಕಿದಳು ಅಂತ ಇಟ್ಕೊಳ್ಳೋಣ. ಬ್ಲೀಚು ಆಗಲೇ ಕ್ಯಾನಲ್ಲಿದೆ. ಗಾಳಿ ಎಲ್ಲಿ ಏಳಬೇಕಿತ್ತು?"

"ಕ್ಯಾನಲ್ಲೇ" ಎಂದರು ಇನ್‌ಸ್ಪೆಕ್ಟರ್.

"ಕ್ಯಾನಿನ ಮೇಲೆ ಬಗ್ಗಿ ಕೂತಿದ್ದವಳು ಇವಳು. ಇವಳು ಒಂದು ಸಲ ಕೆಮ್ಮಲೂ ಇಲ್ಲ. ಅಷ್ಟು ದೂರದ ಓಣಿಯಲ್ಲಿ ಗನ್ನು ಹಿಡಿದವನು ಬಿದ್ದ. ಅಂದ್ರೆ ಬ್ಲೀಚು, ಆಸಿಡ್ಡು ಸೇರಿದ್ದು ಕ್ಯಾನಲ್ಲಲ್ಲ, ಪೈಪಿನೊಳಗೆ. ಒಂದು ಕ್ಯಾನಿಂದ ಬಂತು. ಇನ್ನೊಂದು ನೀರಿನ ಜೊತೆಗೇ ಬಂತು."

ಅವರು ಕಾಗದ ಬಿಚ್ಚಿ ಸುಟ್ಟ ಎಲೆಗಳನ್ನು ತೋರಿಸಿದರು. ಈ ಗಿಡಗಳಿಗೆ ಸೋಪಿನ ಹನಿಯೂ ಬಿದ್ದಿಲ್ಲ, ಬರೀ ಟ್ಯಾಂಕಿನ ನೀರು ಬಿದ್ದದ್ದು ಎಂದರು. ಪಂಪಿನ ತುಂಡನ್ನು ಪಕ್ಕದಲ್ಲಿಟ್ಟರು. ಇಂಜೆಕ್ಟರ್ ಇರುವುದು ಪಂಪಿನ ಆಚೆಗೆ, ಕ್ಯಾನಿನಲ್ಲಿ ಏನೇ ಇದ್ದರೂ ಅದು ಪಂಪನ್ನು ಮುಟ್ಟುವುದಿಲ್ಲ. ಹಾಗಿದ್ದರೆ ಪಂಪಿನೊಳಗಿನ ಸುಣ್ಣವನ್ನು ತಿಂದದ್ದು ಯಾವುದು? ಟ್ಯಾಂಕಿನ ಕೆಳಗಿನ ಸಿಮೆಂಟನ್ನು ಕಚ್ಚಿದ್ದು ಯಾವುದು?

"ಅಂದ್ರೆ ಆಸಿಡ್ ಟ್ಯಾಂಕಲ್ಲಿತ್ತು. ಇವಳು ಗಂಡನ ಜೊತೆ ಆಂಬುಲೆನ್ಸ್ ಹತ್ತಿದ ಮೇಲೆ ಯಾರೋ ನಲ್ಲಿ ತಿರುಗಿಸಿ ಅದನ್ನ ಚೆಲ್ಲಿದ್ರು. ಅಲ್ಲಿ ಉಳಿದಿದ್ದವರು ಒಬ್ಬರೇ."

ಮೈದುನ ಗೋಡೆಯಿಂದ ಬೆನ್ನು ತೆಗೆದ. "ನಾನು ನೀರು ತುಂಬಿಸಿದ್ದು ನಿಜ. ಆಸಿಡ್ ಹಾಕಿಲ್ಲ, ಆಣೆ."

"ಹಾಕಿಲ್ಲ, ಗೊತ್ತು. ನಿನ್ನ ತಪ್ಪು ಬೇರೆ" ಎಂದು ದೊಡ್ಡಮ್ಮ ದರ್ಜಿಯ ಕಡೆ ನೋಡಿದರು. ಅವನು ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಕೆಂಪು ಉಳಿದಿದ್ದ ಮಡಿಕೆಯನ್ನು ಬೆರಳಲ್ಲಿ ತೆರೆದು ಹಿಡಿದ. "ಇದು ನಿನ್ನ ಜೇಬಿಂದ ಬಂದ ಬಟ್ಟೆ. ಹಿಂದಿನ ದಿನ ಇದು ಟ್ಯಾಂಕಿನ ಬಾಯಿಗೆ ಎರಡು ಗಂಟು ಹಾಕಿಸಿಕೊಂಡು ಕೂತಿತ್ತು. ಕಟ್ಟಿದವರೇ ಬಿಚ್ಚಬೇಕು ಅನ್ನೋ ಕಾನೂನು ಮುರಿದು ನೀನು ಬಿಚ್ಚಿದೆ. ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಆಮೇಲೆ ಸೋಪು ಎಳೀಲಿಲ್ಲ ಅಂತ ಇದನ್ನೇ ಸುತ್ತಿದೆ. ಇದು ಸುತ್ತದೇ ಇದ್ದಿದ್ರೆ ಸೋಪು ಪೈಪಿಗೆ ಬರ್ತಾನೇ ಇರಲಿಲ್ಲ. ಈ ಟ್ಯಾಂಕು ಮುಟ್ಟಬೇಡಿ ಅಂತ ಹೇಳೋಕೆ ಇದ್ದ ಬಟ್ಟೆನೇ ಕೊನೆಗೆ ನಿಮ್ಮಣ್ಣನ ಉಸಿರು ಕಟ್ಟಿಸ್ತು."

ಮೈದುನ ನೆಲದ ಮೇಲೆ ಕೂತ. ತಡವಾಗಿತ್ತು, ಹಲ್ಲಿನ ಡಾಕ್ಟರು ಎರಡು ಸಲ ಫೋನು ಮಾಡಿದ್ದರು, ಅಪ್ಪ ಟ್ಯಾಂಕು ತೊಳೆದು ಬಟ್ಟೆ ಬಿಚ್ಚಲು ಮರೆತಿರಬೇಕು, ತಳದಲ್ಲಿದ್ದದ್ದು ತೊಳೆದು ಉಳಿದ ನೀರು ಅಂದುಕೊಂಡೆ ಎಂದು ತೊದಲಿದ. ಅಣ್ಣ ಬಿದ್ದಾಗಲೇ ಎಲ್ಲ ಹೊಳೆಯಿತಂತೆ, ಗಾಬರಿಗೆ ಬಿದ್ದು ಟ್ಯಾಂಕು ಚೆಲ್ಲಿ, ಕ್ಯಾನು ಉರುಳಿಸಿದನಂತೆ.

"ಅತ್ತಿಗೆ ಹೆಂಗೂ ತಪ್ಪು ತಮ್ಮದೇ ಅಂತಿದ್ರು" ಎಂದ ನೆಲ ನೋಡುತ್ತ. "ಹಂಗೇ ಇರಲಿ ಅಂತ ಬಿಟ್ಟೆ."

"ಆಸಿಡ್ ಹಾಕಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

ದೊಡ್ಡಮ್ಮ ಮಾವನ ಕಡೆ ತಿರುಗಿದರು. ಆ ಮನೆಯಲ್ಲಿ ಕೆಂಪು ಬಟ್ಟೆಯ ಕಾನೂನನ್ನು ಒಂದು ಸಲವೂ ತಪ್ಪದೆ ಪಾಲಿಸಿದವರು ಒಬ್ಬರೇ. ಮುದುಕರು ಕೈ ಚಾಚಿ, ದರ್ಜಿಯ ತೊಡೆಯ ಮೇಲಿದ್ದ ಬಟ್ಟೆಯನ್ನು ಬೆರಳಲ್ಲೇ ಸವರಿ ಗುರುತು ಹಿಡಿದರು.

"ನಾನೇ ಹಾಕಿದ್ದು. ಮಗ ಬೇಡ ಅಂದಿದ್ದ. ಇನ್ನೂ ನನ್ನ ಕೈಲಾಗುತ್ತೆ ಅಂತ ತೋರಿಸ್ಬೇಕಿತ್ತು. ಬಟ್ಟೆ ಕಟ್ಟಿದ್ದೆ. ಬೆಳಿಗ್ಗೆ ಎದ್ದು ಬರೋ ಹೊತ್ತಿಗೆ ಗಾಡಿ ಹೋಗಿತ್ತು." ಅವರು ತುಟಿ ಒದ್ದೆ ಮಾಡಿಕೊಂಡರು. "ಸುದ್ದಿ ಬಂದಾಗಲೇ ಗೊತ್ತಾಯ್ತು, ಬಿಚ್ಚಿದವನು ಚಿಕ್ಕವನೇ ಅಂತ. ಒಬ್ಬ ಮಗ ಒಳಗಿದಾನೆ. ಇನ್ನೊಬ್ಬನನ್ನೂ ಕಳ್ಕೊಳ್ಳೋ ಶಕ್ತಿ ಇರಲಿಲ್ಲ."

ಸೊಸೆ ಪೆನ್ನು ಕೆಳಗಿಟ್ಟಳು. ಮೂರು ದಿನದಿಂದ ತನ್ನ ಕೈಯನ್ನೇ ತಾನು ನಂಬದೆ ಬದುಕಿದವಳು ಆ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು. ಆಮೇಲೆ ಮಾವನ ಮುಂದೆ ಹೋಗಿ ನಿಂತಳು.

"ಇಬ್ರು ಮಕ್ಕಳ ಲೆಕ್ಕ ಹಾಕಿದ್ರಿ ಮಾವ. ಅದರಲ್ಲಿ ನಾನು ಎಲ್ಲಿದ್ದೆ?"

ಮುದುಕರು ಕೊರಳಿನ ಪಾಸನ್ನು ತೆಗೆಯಹೋದರು, ದಾರ ಕಿವಿಗೆ ಸಿಕ್ಕಿಕೊಂಡಿತು. ಅವಳೇ ಬಿಡಿಸಿ ತೆಗೆದುಕೊಂಡಳು. ಇನ್‌ಸ್ಪೆಕ್ಟರ್ ತೊಡೆಯ ಮೇಲಿದ್ದ ಕಾಗದವನ್ನು ಅಡ್ಡಡ್ಡ ಹರಿದು ಮೈದುನನಿಗೆ ಎದ್ದೇಳು ಎಂದರು.

ದರ್ಜಿ ಗಾಜಿನಾಚೆಯಿಂದ ನೋಡುತ್ತಿದ್ದ. ಮಂಚದ ಮೇಲಿದ್ದವನ ಮುಖ ಆಕ್ಸಿಜನ್ ಮಾಸ್ಕಿನ ಕೆಳಗೆ ಕಾಣಿಸುತ್ತಿರಲಿಲ್ಲ. ಹೊದಿಕೆಯ ಹೊರಗೆ ಒಂದು ಕೈ ಮಾತ್ರ ಇತ್ತು, ಬಿದ್ದ ದಿನ ಹೇಗಿತ್ತೋ ಹಾಗೇ ಮುಷ್ಟಿ ಹಿಡಿದುಕೊಂಡು. ಮೂರು ದಿನದಿಂದ ನರ್ಸುಗಳು ಎಷ್ಟು ಬಿಡಿಸಿದರೂ ಮತ್ತೆ ಮಡಚಿಕೊಳ್ಳುತ್ತದೆ ಎಂದು ಬಾಗಿಲಲ್ಲಿದ್ದ ನರ್ಸು ಹೇಳಿದಳು. ಹೆಂಡತಿ ಮಂಚದ ಪಕ್ಕ ಮಂಡಿಯೂರಿ ಆ ಮುಷ್ಟಿಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ನಿಲ್ಲಿಸಿದೀನಿ ಎಂದಿರಬೇಕು, ತುಟಿಯ ಚಲನೆ ಹಾಗೆ ಕಂಡಿತು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು, ಅಂಗೈ ಮೇಲಾಗಿ ಅವಳ ಕೈಯೊಳಗೆ ಉಳಿಯಿತು.