ಎರಡು ಹಸಿರು ಬಳೆ

ಕಾಲುವೆಗೆ ನೀರು ಬಿಟ್ಟು ಎಂಟು ದಿನವಾಗಿತ್ತು. ಗಂಗಾವತಿಯ ಆಚೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಬಸವಕುಮಾರ ಬದುವಿನ ಮೇಲೆ ನಿಂತು, ನಾಟಿ ಹೆಂಗಸರ ಮುಂದೆ ಸಸಿಯ ಕಟ್ಟುಗಳನ್ನು ಒಂದೊಂದಾಗಿ ಎಸೆಯುತ್ತಿದ್ದ.

ಸಾಲಿನ ಕೊನೆಗೆ ಅವನ ಸೋದರಮಾವನ ಮಗಳು ಸುರೇಖಾ, ಧಾರವಾಡದ ಲ್ಯಾಬಿನಿಂದ ರಜೆಗೆ ಬಂದವಳು. ದೀಪಾವಳಿ ಕಳೆದ ಮೇಲೆ ಇವರ ಮದುವೆಯೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅವಳು ಮಾತ್ರ ಇನ್ನೂ ಹೂಂ ಅಂದಿರಲಿಲ್ಲ.

ಸುರೇಖಾಳ ಫೋನು ರಿಂಗಾಯಿತು.

"ಹೇಳು ಗೋವಿಂದರಾಜ. ಎಷ್ಟು ಬಾಗಿತು? ಮುರೀಲಿಲ್ಲಲ್ಲ?" ಎಂದು ನಕ್ಕಳು. ಕೆನ್ನೆಯ ಮೇಲಿನ ಕೆಸರಿನ ಚುಕ್ಕೆಯೂ ನಗುವಿನ ಜೊತೆ ಮೇಲೇರಿತು. ಬಸವಕುಮಾರ ಬೆಳಿಗ್ಗೆಯಿಂದ ಕಾದದ್ದು ಆ ನಗುವಿಗೆ.

"ಮೂರನೇ ಫೋನು," ಎಂದಳು ಹಂಪವ್ವ, ನಾಟಿ ಮಾಡುತ್ತಲೇ. "ನೀನೂ ಒಂದು ಮಾಡಪಾ ಬಸವಕುಮಾರ. ಹತ್ತು ಮಾರು ದೂರದಾಗ ಅದಾಳ."

ಮುಂದಿನ ಕಟ್ಟು ಜೋರಾಗಿಯೇ ಹೋಗಿ ಸುರೇಖಾಳ ಮಣಿಕಟ್ಟಿಗೆ ಬಡಿಯಿತು. ಫೋನು ಕೆಸರಿಗೆ ಬಿತ್ತು. ಎರಡು ಹಸಿರು ಬಳೆ ಚೂರಾದವು.

ಜನ ಬರಿಗಾಲಲ್ಲಿ ಓಡಾಡುವ ಗದ್ದೆ. ಅವಳು ಬಗ್ಗಿ ಚೂರು ಹುಡುಕತೊಡಗಿದಳು. ಅವನೂ ಇಳಿದ.

"ಯಾರಂವ?"

"ಲ್ಯಾಬಿನಾಗ ಜೋಡಿ ಕೆಲಸ ಮಾಡಾಂವ. ಗಾಜು ಬಾಗಸ್ತಾನ."

"ಗಾಜು ಬಾಗತೈತೇನು?" ಬೆರಳಲ್ಲಿದ್ದ ಚೂರನ್ನು ಎತ್ತಿ ತೋರಿಸಿದ.

"ಇಷ್ಟು ದಪ್ಪ ಇದ್ರ ಒಡೀತೈತಿ. ಅದನ್ನ ಕೂದಲಕ್ಕಿಂತ ನೂರು ಪಾಲು ಸಣ್ಣಗ ಎಳದ್ರ ಉಂಗುರದಂಗ ಸುತ್ತಬೋದು. ಬಿಟ್ರ ಮತ್ತ ನೆಟ್ಟಗಾಗತೈತಿ. ನ್ಯಾನೊವೈರ್ ಅಂತೀವಿ."

ಅವನು ಇನ್ನೊಂದು ಚೂರು ಹುಡುಕಿ ತೆಗೆದ. "ಮದಿವಿ ಆಗೈತೇನು ಅವಗ?"

"ಇಲ್ಲ. ಹುಡುಗಿ ನೋಡಾಕ್ಹತ್ಯಾರ." ಬೇಕೆಂದೇ ಹೇಳಿ, ಅವನ ಕಿವಿ ಕೆಂಪಾಗುವುದನ್ನು ಓರೆಗಣ್ಣಲ್ಲಿ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ನನ್ನ ಕೆಲಸ ಇನ್ನೂ ಎರಡು ವರ್ಷ ಐತಿ, ಮಾವ. ದಿನಾ ಅವನ ಜೋಡೀನ. ದೀಪಾವಳಿ ಕಳದ ಕೂಡ್ಲೇ ಆಗಬೇಕು ಅಂದ್ರ ನಾ ಒಲ್ಲೆ. ಕಾಯ್ತೀನಿ ಅಂದ್ರ ಹೂಂ."

ಅವನು ಕೆಸರಿನಿಂದ ಅವಳ ಫೋನು ಎತ್ತಿ ಒರೆಸಿ, ಒಣಗಿಸಿ ಕೊಡಲೆಂದು ಜೇಬಿಗಿಟ್ಟುಕೊಂಡ.

ಮರುದಿನ ಬೆಳಿಗ್ಗೆ ಅವನು ಬದುವಿಗೆ ಬಂದಾಗ, ಅಕ್ಕಿ ಡಬ್ಬಿಯಲ್ಲಿಟ್ಟು ಒಣಗಿಸಿದ ಫೋನು ಒಂದು ಕೈಯಲ್ಲಿತ್ತು, ಬಳೆಗಾರ್ತಿ ಗುಲ್ಶನಳ ಅಂಗಡಿಯ ಎರಡು ಹಸಿರು ಬಳೆ ಇನ್ನೊಂದರಲ್ಲಿ.

"ಒತ್ತಬ್ಯಾಡ, ಕೈ ಮೆತ್ತಗ ಬಿಡು ಅಂತ ಹೇಳಿ ಕಳಿಸ್ಯಾಳ," ಎನ್ನುತ್ತ ಅವಳ ಅಂಗೈ ಮಡಚಿ ಒಂದು ಬಳೆ ಏರಿಸಿದ. ಇನ್ನೊಂದಕ್ಕೆ ಅವಳು ಕೈ ಕೊಡಲಿಲ್ಲ.

"ಅದು ಬಾಕಿ ಇರ್ಲಿ. ಎರಡು ವರ್ಷ ಆದ ಮ್ಯಾಲ ತೀರಸು."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗೋವಿಂದರಾಜ. ಬಸವಕುಮಾರ ಆ ಹೆಸರನ್ನು ಎರಡು ರಿಂಗಿನವರೆಗೆ ದಿಟ್ಟಿಸಿ, ಫೋನನ್ನು ಅವಳ ಕೈಗಿಟ್ಟ.

"ಕಾಯ್ತೀನಿ," ಎಂದ, ಮುಖ ಗಂಟಿಕ್ಕಿಕೊಂಡೇ. "ಎಷ್ಟು ಬಾಗೈತಿ, ಕೇಳು."

ಆ ದಿನ ಸಸಿಯ ಕಟ್ಟುಗಳೆಲ್ಲ ಮೆತ್ತಗೇ ಬಿದ್ದವು. ಕಟ್ಟು ಎತ್ತಲು ಬಗ್ಗಿದಾಗಲೆಲ್ಲ ಅವನ ಎಡಗೈ ಜೇಬಿನ ಬಳೆಯನ್ನು ಹಿಡಿದುಕೊಳ್ಳುತ್ತಿತ್ತು.