ಮೂರು ಸಾಲಿನ ನಮಸ್ಕಾರ

ಅವಳು ಬೋರ್ಡಿನ ಮೇಲೆ ಬರೆದಿದ್ದ ಪ್ರೋಗ್ರಾಮಿನ ಕೊನೆಯ ಸಾಲನ್ನು, ಒಳಗೆ ಬಂದ ಅಪರಿಚಿತನೊಬ್ಬ ಸೀದಾ ಹೋಗಿ ಅಳಿಸಿಬಿಟ್ಟ!

"ಇದು ಬೇಕಾಗಿಲ್ಲ ಅನ್ಸುತ್ತೆ," ಎಂದ.

ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಅಂದೇ ಸೇರಿದ ಹೊಸ ಮೇಷ್ಟ್ರು ಅವನು. ಪರದೆಯ ಮೇಲೆ ಪುಟ್ಟ ಕಿಟಕಿ ತೆರೆದು 'ನಮಸ್ಕಾರ' ಎಂದು ತೋರಿಸುವ ಪ್ರೋಗ್ರಾಮನ್ನು ಎಷ್ಟು ಚಿಕ್ಕದಾಗಿ ಬರೆಯಬಹುದು ಎಂದು ಅವಳು ಪಾಠ ಮಾಡುತ್ತಿದ್ದಳು.

ಸಿಟ್ಟು ನೆತ್ತಿಗೇರಿತು. ಆದರೂ ದನಿ ಏರಿಸಲಿಲ್ಲ. ಕಿಟಕಿಯನ್ನು ತೆರೆದೇ ಇಡುವ ಆ ಸಾಲು ಬಿಟ್ಟು ಉಳಿದದ್ದನ್ನು ಟೈಪ್ ಮಾಡಿ ಓಡಿಸಿದಳು. ಕಿಟಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಯಿತು.

"ನೋಡಿದ್ರಾ ಸರ್? ನಮಸ್ಕಾರ ಹೇಳಿ, ಉತ್ತರಕ್ಕೂ ಕಾಯದೆ ಓಡಿಹೋಯ್ತು."

ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಅವನೂ ನಕ್ಕ. ಆ ಸಾಲನ್ನು ತನ್ನ ಕೈಯಾರೆ ಮತ್ತೆ ಬರೆದು, ಕ್ಷಮೆ ಕೇಳಿ ಹೋದ.

ಸೋತು ನಗುವವನು... ಇಂಥವನನ್ನು ಅವಳು ನೋಡಿರಲಿಲ್ಲ.

ಅಲ್ಲಿಂದ, ಆ ಪ್ರೋಗ್ರಾಮನ್ನು ಇನ್ನೂ ಚಿಕ್ಕದು ಮಾಡುವವರು ಯಾರು ಎಂದು ಪೈಪೋಟಿ ಶುರುವಾಯಿತು. ಊಟದ ಬಿಡುವಿನಲ್ಲಿ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ. ಅವನು ಬಣ್ಣದ ಸಾಲು ಕಿತ್ತರೆ, ಅವಳು ಅಳತೆಯ ಸಾಲು ಕೀಳುವಳು. ಅಣ್ಣನ ಮನೆಗೆ ಬಂದರೆ ಅವಳ ಬಾಯಲ್ಲಿ ಅವನದೇ ದೂರು. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಅತ್ತಿಗೆ, ಬೈಯೋಕೂ ಇಷ್ಟು ಹುರುಪು ಬೇಕಾ ಎಂದು ಕಾಲೆಳೆದರು.

ಕೊನೆಗೆ ಗೆದ್ದವಳು ಅವಳೇ. ಕಿಟಕಿಯನ್ನು ಬೇರೆಯಾಗಿ ಮಾಡಬೇಕಾಗಿಯೇ ಇಲ್ಲ, ಅಕ್ಷರಗಳನ್ನು ಇಟ್ಟರೆ ಅವುಗಳ ಸುತ್ತ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದು ಕಂಡುಕೊಂಡಳು. ಉಳಿದದ್ದು ಮೂರೇ ಸಾಲು. ಅವನು ಬಹಳ ಹೊತ್ತು ಪರದೆ ನೋಡಿದ. ಆಮೇಲೆ ಅವಳನ್ನು ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ.

ತಂಗಿಯ ಮದುವೆಗೆಂದು ಅವನು ರಜೆ ಹಾಕಿ ಹೋದಾಗಲೇ ಕೇಂದ್ರದ ಹೊಸ ಪಠ್ಯಪುಸ್ತಕ ಅಚ್ಚಾಗಿ ಬಂತು. ಮೊದಲ ಪಾಠದಲ್ಲೇ ಆ ಮೂರು ಸಾಲು. ಕೆಳಗೆ ಅವನೊಬ್ಬನದೇ ಹೆಸರು!

ಅಷ್ಟು ದಿನ ಪಕ್ಕದಲ್ಲಿ ಕೂತಿದ್ದು ಇದಕ್ಕಾ...

ಕಣ್ಣು ತುಂಬಿ ಬಂತು. ಒರೆಸಿಕೊಂಡು, ಬೇರೆ ಶಾಖೆಗೆ ವರ್ಗ ಕೇಳಿ ಅರ್ಜಿ ಕೊಟ್ಟಳು. ಆದರೆ ಕೇಳಬೇಕಾದ್ದನ್ನು ಕೇಳದೆ ಹೋಗುವವಳಲ್ಲ ಅವಳು. ಅವನು ಹಿಂತಿರುಗಿದ ಬೆಳಿಗ್ಗೆಯೇ ಪುಸ್ತಕವನ್ನು ಅವನ ಮುಂದಿಟ್ಟಳು.

"ನನ್ನ ಕೆಲಸಕ್ಕೆ ನಿಮ್ಮ ಹೆಸರು ಹೇಗೆ ಬಂತು?"

ಓದುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು. ಪುಸ್ತಕ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ನಡೆದ. ಅವಳೂ ಹಿಂದೆಯೇ ಹೋದಳು. ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು. ಪುಸ್ತಕಕ್ಕೆಂದು ಕಳಿಸುವಾಗ, ಇದು ಅವಳದೇ ಎಂದು ಅವನು ಕೊಂಡಾಡಿ ಹೇಳಿದ್ದು ನಿಜ, ಅಚ್ಚಿನ ಅವಸರದಲ್ಲಿ ಕಳಿಸಿದವನ ಹೆಸರು ಹಾಕಿಬಿಟ್ಟೆ ಎಂದರು. ಆ ಪುಟವನ್ನು ಮತ್ತೆ ಅಚ್ಚು ಹಾಕಿಸಲು ಒಪ್ಪಿ, ಅವಳ ವರ್ಗದ ಅರ್ಜಿ ಇನ್ನೂ ಮೇಜಿನ ಮೇಲೇ ಇದೆ ಎಂದೂ ಹೇಳಿದರು.

ಹೊರಗೆ ಮೆಟ್ಟಿಲ ಬಳಿ ಅವನು ನಿಂತ.

"ವರ್ಗದ ಅರ್ಜಿ ವಾಪಸ್ ತಗೊಳ್ತೀರಾ?"

"ಅಷ್ಟೇನಾ ಕೇಳೋದು?"

"ಅಲ್ಲ... ನನ್ನನ್ನ ಮದುವೆ ಆಗ್ತೀರಾ ಅಂತ ಕೇಳ್ಬೇಕಿತ್ತು. ಧೈರ್ಯ ಸಾಲ್ಲಿಲ್ಲ."

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

"ಆಗ್ತೀನಿ. ಸಂಜೆ ಮನೆಗೆ ಬನ್ನಿ. ಅಣ್ಣ, ಅತ್ತಿಗೆ ಹತ್ರ ನೀವೇ ಮಾತಾಡ್ಬೇಕು."

"ಏನಂತ ಹೇಳ್ಲಿ?"

"ಈಗ ನನಗೆ ಹೇಳಿದ್ದನ್ನೇ ಹೇಳಿ. ನಾನು ಪಕ್ಕದಲ್ಲೇ ಇರ್ತೀನಿ."